ಮರ ಕೊಳ್ಳಲು ಹೋಗುವಾಗ ತಕ್ಕಡಿ ಇರಲಿ

ಕೇಳುಗರಿಗೆ ನಮಸ್ಕಾರ.

ಮನೆ ಕಟ್ಟಿಸುವವರು ಮರದ ಡಿಪೊಗೆ ಹೋಗುವಾಗ ಜೇಬಿನಲ್ಲಿ ಟೇಪು ಇಟ್ಟುಕೊಳ್ಳುತ್ತಾರೆ. ಒಳ್ಳೆಯದೇ. ಜೊತೆಗೆ ಒಂದು ತಕ್ಕಡಿಯನ್ನೂ ತಗೊಂಡು ಹೋಗಿ ಅಂತ ಹೇಳೋಕೆ ನಾನು ಇವತ್ತು ಬಂದಿದ್ದೇನೆ. ನಗಬೇಡಿ. ಮೆಣಸು ತೂಗಲು ಮನೆಯಲ್ಲಿ ಕೊಕ್ಕೆ ಇರುವ ಚಿಕ್ಕ ತಕ್ಕಡಿ ಇಟ್ಟಿರುತ್ತೀರಲ್ಲ, ಅದೇ ಸಾಕು.

ನಾನು ಬೇಲೂರು ಕಡೆಯ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ 22 ವರ್ಷ ರೈಟರ್ ಆಗಿದ್ದವನು. ಗರಗಸ ಹಿಡಿದವನಲ್ಲ, ಪುಸ್ತಕ ಹಿಡಿದವನು. ಅಳತೆ ಕೂಗುವವರು ಕೂಗುತ್ತಿದ್ದರು, ನಾನು ಬರೆದು ಲೆಕ್ಕ ಕಟ್ಟುತ್ತಿದ್ದೆ. ಅಷ್ಟು ವರ್ಷದಲ್ಲಿ ಜನ ಎಲ್ಲಿ ಎಡವುತ್ತಾರೆ ಅಂತ ಚೆನ್ನಾಗಿ ನೋಡಿದ್ದೇನೆ. ಕೊನೆಗೆ ನಾನೂ ಎಡವಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಜನ ಮೊದಲು ಎಡವುವುದು ‘ಅಡಿ’ ಅನ್ನೋ ಮಾತಿನಲ್ಲಿ. ಡಿಪೊದಲ್ಲಿ ಮೂರು ಥರದ ಅಡಿ ಓಡಾಡುತ್ತೆ. ರೀಪರ್ ಪಟ್ಟಿ ಉದ್ದದ ಅಡಿಯಲ್ಲಿ, ಅಂದರೆ ರನ್ನಿಂಗ್ ಫೀಟ್‌ನಲ್ಲಿ. ಹಲಗೆ ಚದರ ಅಡಿಯಲ್ಲಿ. ತೊಲೆ, ಜಂತೆ, ಬಾಗಿಲಿನ ದಾರಂದ ಅಂದರೆ ಚೌಕಟ್ಟು, ಇವೆಲ್ಲ ಘನ ಅಡಿಯಲ್ಲಿ, ಸಿಎಫ್‌ಟಿ ಅನ್ನುತ್ತಾರಲ್ಲ, ಅದು. ಆದರೆ ಬಾಯಲ್ಲಿ ಮೂರಕ್ಕೂ ‘ಅಡಿಗೆ ಇಷ್ಟು’ ಅಂತಲೇ ಹೇಳುತ್ತಾರೆ. ‘ಯಾವ ಅಡಿ’ ಅಂತ ಕೇಳದೆ ತಲೆ ಆಡಿಸಿದರೆ ಮುಗೀತು.

ಪೆನ್ನು ಹತ್ತಿರ ಇದ್ದರೆ ತಗೊಳ್ಳಿ. ಕಾಗದ ಇಲ್ಲದಿದ್ದರೆ ಕ್ಯಾಲೆಂಡರಿನ ಹಿಂದೆ ಬರೆಯಿರಿ. ಅಗಲ ಇಂಚಿನಲ್ಲಿ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ. ಬಂದದ್ದನ್ನು 144ರಿಂದ ಭಾಗಿಸಿ. ಅದೇ ಘನ ಅಡಿ. ಒಂದು ಬಾಗಿಲಿನ ದಾರಂದ ತೆಗೆದುಕೊಳ್ಳಿ. ಪಕ್ಕದ ಕಾಲು ಎರಡು, ತಲಾ 7 ಅಡಿ, ಮೇಲಿನ ಅಡ್ಡಪಟ್ಟಿ ಮೂರೂವರೆ, ಕೆಳಗೆ ಹೊಸ್ತಿಲು ಮೂರೂವರೆ. ಒಟ್ಟು 21 ಅಡಿ. ಸೈಜು ಐದು-ಮೂರು, ಅಂದರೆ ಅಗಲ ಐದು ಇಂಚು, ದಪ್ಪ ಮೂರು ಇಂಚು. 21ನ್ನು 5ರಿಂದ, ಮತ್ತೆ 3ರಿಂದ ಗುಣಿಸಿದರೆ 315. 144ರಿಂದ ಭಾಗಿಸಿದರೆ 2.19, ಅಂದರೆ ಎರಡೂಕಾಲಿಗೆ ಸ್ವಲ್ಪ ಕಡಿಮೆ. ಲೆಕ್ಕ ಸುಲಭ ಆಗಲಿ ಅಂತ ಘನ ಅಡಿಗೆ 2,000 ರೂಪಾಯಿ ಇಟ್ಟುಕೊಳ್ಳೋಣ. ಒಂದು ದಾರಂದದ ಮರಕ್ಕೆ 4,375 ರೂಪಾಯಿ ಆಯ್ತು. ಮನೆಗೆ ಎಂಟು ಬಾಗಿಲು ಇದ್ದರೆ? ನೀವೇ ಗುಣಿಸಿ.

ಈಗ ಹಲಗೆಗೆ ಬನ್ನಿ. ಒಂದು ಇಂಚು ದಪ್ಪದ ಹಲಗೆ 12 ಚದರ ಅಡಿ ಸೇರಿದರೆ ಒಂದು ಘನ ಅಡಿ. ಅದೇ 2,000ದ ಮರವಾದರೆ ಚದರ ಅಡಿಗೆ 167 ರೂಪಾಯಿ ಬಿತ್ತು. ಮುಕ್ಕಾಲು ಇಂಚಿನ ಹಲಗೆ ಆದರೆ 16 ಚದರ ಅಡಿ ಬರಬೇಕು, ಚದರ ಅಡಿಗೆ 125 ಆಗಬೇಕು. ಒಂದು ಇಂಚು ಅಂತ ಹೇಳಿ ಮುಕ್ಕಾಲು ಇಂಚಿನ ಹಲಗೆ ಕೊಟ್ಟು 167 ತಗೊಂಡರೆ, ನೀವು ಘನ ಅಡಿಗೆ 2,667 ಕೊಟ್ಟ ಹಾಗೆ. ಹಲಗೆ ರಾಶಿಯ ಉದ್ದ ಅಗಲ ಎಲ್ಲರೂ ಅಳೆಯುತ್ತಾರೆ, ದಪ್ಪಕ್ಕೆ ಟೇಪು ಹಿಡಿಯುವವರು ಕಡಿಮೆ.

ಇನ್ನೊಂದು ವಿಷಯ. ಐದು-ಮೂರು ಅಂತ ಬಿಲ್ಲು ಹಾಕುವುದು ಕೊಯ್ದ ಹಾಗೇ ಇರುವ ಒರಟು ಮರಕ್ಕೆ. ಆಚಾರ್ರು ಕೀಸಿ ನುಣುಪು ಮಾಡುವಾಗ ಪ್ರತಿ ಮುಖಕ್ಕೂ ಒಂದು ನೂಲು, ಅಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು ಹೋಗುತ್ತೆ. ಐದು ಇಂಚು ನಾಲ್ಕೂಮುಕ್ಕಾಲು ಆಯ್ತು, ಮೂರು ಇಂಚು ಎರಡೂಮುಕ್ಕಾಲು ಆಯ್ತು. ನೂರಕ್ಕೆ 13 ಪಾಲು ಹೊಟ್ಟಿಗೆ ಹೋಯ್ತು. ಇದು ಮೋಸ ಅಲ್ಲ. ಅಮೆರಿಕದಲ್ಲಿ ಎರಡು-ನಾಲ್ಕು ಅಂತ ಮಾರುವ ಮರ ಅಳೆದರೆ ಒಂದೂವರೆ, ಮೂರೂವರೆ ಇಂಚೇ ಇರುತ್ತೆ. ಅಲ್ಲಿ ಅದು ಎಲ್ಲರಿಗೂ ಗೊತ್ತಿರುವ ಪದ್ಧತಿ. ನಮ್ಮಲ್ಲಿ ಮಾತ್ರ ‘ಕೀಸಿದ ಮೇಲಿನ ಅಳತೆಯಾ, ಮೊದಲಿನದಾ’ ಅಂತ ಬಾಯಿಬಿಟ್ಟು ಕೇಳಬೇಕು.

ಕೆಲವರು ದಿಮ್ಮಿಯನ್ನೇ ಕೊಂಡು ಕೊಯ್ಯಿಸುತ್ತಾರೆ. ಅಗ್ಗ ಅಂತ ಕಾಣುತ್ತೆ. ದಿಮ್ಮಿಯ ಲೆಕ್ಕ ಬೇರೆ. ನಡುಮಧ್ಯದ ಸುತ್ತಳತೆ ಹಿಡಿದು, ಅದರ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುವುದು. ಸುತ್ತಳತೆ 48 ಇಂಚು, ಉದ್ದ 10 ಅಡಿ ಇದ್ದರೆ ಸರಿಯಾಗಿ 10 ಘನ ಅಡಿ ಬರುತ್ತೆ. ಗಣಿತದ ಮೇಷ್ಟ್ರು ನೋಡಿದರೆ ಒಪ್ಪಲ್ಲ. ಅವರ ಪ್ರಕಾರ ಅದರಲ್ಲಿ ಹನ್ನೆರಡೂಮುಕ್ಕಾಲು ಅಡಿ ಹತ್ತಿರ ಮರ ಇದೆ. ಕೊಯ್ಯುವಾಗ ಹೋಗುವ ಪಕ್ಕದ ಸಿಪ್ಪೆ ಹಲಗೆಗೆ ಅಂತ ಆ ಸೂತ್ರ ಮೊದಲೇ ಸ್ವಲ್ಪ ಬಿಟ್ಟುಕೊಟ್ಟಿರುತ್ತೆ. ಹಾಗಿದ್ದೂ ನನ್ನ ಪುಸ್ತಕದಲ್ಲಿ 10 ಘನ ಅಡಿಯ ದಿಮ್ಮಿಯಿಂದ 6 ಘನ ಅಡಿ ಒಳ್ಳೆ ಸೈಜು, ಅಂದರೆ ಕೊಯ್ದು ಅಳತೆಗೆ ತಂದ ಮರ, ಬಂದರೆ ದೊಡ್ಡದು. ಗಂಟು, ಸೀಳು, ಹೊರಗಿನ ಬಿಳಿ ಭಾಗ ಎಲ್ಲ ಕಳೆಯಬೇಕಲ್ಲ. ದಿಮ್ಮಿಗೆ ಅಡಿಗೆ 1,000 ಕೊಟ್ಟಿದ್ದರೆ, ಸೈಜಿಗೆ 1,667 ಬಿತ್ತು. ಕೊಯ್ದ ಕೂಲಿ, ಗಾಡಿ ಬಾಡಿಗೆ ಅದರ ಮೇಲೆ.

ಟೇಪು ತೊಗಟೆಯ ಮೇಲೆ ಸುತ್ತಿದರೋ, ತೊಗಟೆ ಬಿಡಿಸಿ ಸುತ್ತಿದರೋ ಅದನ್ನೂ ನೋಡಿ. ಅರ್ಧ ಇಂಚು ದಪ್ಪದ ತೊಗಟೆ ಇದ್ದರೆ ಸುತ್ತಳತೆಯಲ್ಲಿ 3 ಇಂಚು ವ್ಯತ್ಯಾಸ. 48 ಇದ್ದದ್ದು 45 ಆಗುತ್ತೆ. ಹತ್ತು ಘನ ಅಡಿ ಎಂಟೂಮುಕ್ಕಾಲಿಗೆ ಇಳಿಯುತ್ತೆ. ಅಷ್ಟು ದುಡ್ಡು ಸೌದೆ ಒಲೆಗೆ.

ಅರಣ್ಯ ಇಲಾಖೆಯ ಹರಾಜಿನಲ್ಲಿ ಘನ ಮೀಟರ್ ಲೆಕ್ಕ ಇರುತ್ತೆ. ಅಲ್ಲಿಯ ದರವನ್ನು 35.3ರಿಂದ ಭಾಗಿಸಿ. ಮೀಟರಿಗೆ 1 ಲಕ್ಷ ಅಂದರೆ ಘನ ಅಡಿಗೆ 2,830 ರೂಪಾಯಿ ಆಸುಪಾಸು. ತೆರಿಗೆ ಸೇರಿದೆಯಾ ಇಲ್ಲವಾ ಅಂತ ಕೇಳಿಯೇ ಕೈ ಎತ್ತಿ.

ಈಗ ತಕ್ಕಡಿ ವಿಷಯ. ನಾನು ಬಂದದ್ದೇ ಇದಕ್ಕೆ.

ಮರವನ್ನು ಅಳತೆಯಲ್ಲಿ ಮಾರುತ್ತಾರೆ. ಹಸಿ ಮರಕ್ಕೂ ಒಣ ಮರಕ್ಕೂ ಅಳತೆ ಒಂದೇ ಥರ ಕಾಣುತ್ತೆ, ಆದರೆ ಒಳಗಿರುವ ನೀರು ಟೇಪಿಗೆ ಕಾಣಲ್ಲ. ಚೆನ್ನಾಗಿ ಒಣಗಿದ ತೇಗ ಒಂದು ಘನ ಅಡಿಗೆ 18ರಿಂದ 19 ಕೆ.ಜಿ. ತೂಗುತ್ತೆ. ಹಲಸು, ಸಿಲ್ವರ್ (ತೋಟದ ಸಿಲ್ವರ್ ಓಕ್) 17ರ ಆಸುಪಾಸು. ಹೊನ್ನೆ 22, ಮತ್ತಿ 25ರ ಹತ್ತಿರ. ಮರದಿಂದ ಮರಕ್ಕೆ ಒಂದೆರಡು ಕೆ.ಜಿ. ಹೆಚ್ಚುಕಮ್ಮಿ ಇದ್ದೇ ಇರುತ್ತೆ. ಅದೇ ಮತ್ತಿ ಆಗಷ್ಟೇ ಕಡಿದದ್ದಾದರೆ 30 ಕೆ.ಜಿ. ದಾಟುತ್ತೆ. ಅದಕ್ಕೇ ಹಸಿ ಮತ್ತಿ ನೀರಲ್ಲಿ ತೇಲಲ್ಲ. ಒಂದು ಘನ ಅಡಿ ನೀರಿನ ತೂಕವೇ 28 ಕೆ.ಜಿ. ಚಿಲ್ಲರೆ.

ಡಿಪೊದಲ್ಲಿ ನಾಲ್ಕು-ಮೂರು ಸೈಜಿನ ಒಂದಡಿ ಉದ್ದದ ತುಂಡು ಕೇಳಿ. ನಿಮಗೆ ಕೊಡುವ ಮರದಿಂದಲೇ ಕತ್ತರಿಸಿದ್ದಾಗಿರಬೇಕು, ತುದಿಯಿಂದ ಸ್ವಲ್ಪ ಒಳಗಡೆಯದ್ದು. ತುದಿ ಬೇಗ ಒಣಗಿರುತ್ತೆ. ಅಂಥ 12 ತುಂಡು ಸೇರಿದರೆ ಒಂದು ಘನ ಅಡಿ. ತೂಗಿ, 12ರಿಂದ ಗುಣಿಸಿ. ತೇಗದ ತುಂಡು ಒಂದೂವರೆ ಕೆ.ಜಿ. ಆಸುಪಾಸಿಗೆ ಬಂದರೆ ಧೈರ್ಯವಾಗಿ ಕೊಳ್ಳಿ. 2 ಕೆ.ಜಿ. ತೋರಿಸಿದರೆ ಅದರಲ್ಲಿ ಸುಮಾರು ಅರ್ಧ ಲೀಟರ್ ನೀರು ಹೆಚ್ಚಿಗೆ ಇದೆ.

ನೀರು ಇದ್ದರೆ ಏನಾಯ್ತು, ಒಣಗಿಸಿಕೊಂಡರೆ ಆಯ್ತಲ್ಲ ಅನ್ನಬಹುದು. ಇಲ್ಲೇ ಇರೋದು ಸೂಕ್ಷ್ಮ. ಮರದ ಸ್ವಂತ ತೂಕದಲ್ಲಿ ನೂರಕ್ಕೆ 30 ಪಾಲು ನೀರು ಉಳಿಯುವ ತನಕ ಮರ ಹಗುರ ಆಗುತ್ತೆ, ಆದರೆ ಕುಗ್ಗಲ್ಲ. ನೋಡಿದವರಿಗೆ ಏನೂ ಗೊತ್ತಾಗಲ್ಲ. ಅಲ್ಲಿಂದ ಕೆಳಗೆ ಇಳಿದಾಗ ಕುಗ್ಗಲು ಶುರು. ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕಿಲ್ಲ. ನೀರೆಲ್ಲ ಹೋದರೆ ಅಗಲದಲ್ಲಿ ತೇಗದಂಥ ಸಾಧು ಮರವೇ ನೂರಕ್ಕೆ 5ರ ತನಕ ಕುಗ್ಗಬಹುದು. ಹತ್ತು ಇಂಚಿನ ಹಲಗೆ ಅರ್ಧ ಇಂಚಿನ ತನಕ ಕಡಿಮೆ ಆಗಬಹುದು.

ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಇದು ಇನ್ನೂ ಜೋರು. ಒಂದು ಕಡೆ ಮಲೆನಾಡು, ಇನ್ನೊಂದು ಕಡೆ ಬಯಲುಸೀಮೆ. ಮೂಡಿಗೆರೆಯ ಮಳೆಯಲ್ಲಿ ಮೂರರಲ್ಲಿ ಒಂದು ಪಾಲು ಕಡೂರಿಗೆ ಬಂದರೆ ಹೆಚ್ಚು. ಸಕಲೇಶಪುರದ ಶೆಡ್ಡಿನಲ್ಲಿ ಒಣಗಿದ ಮರ ಅರಸೀಕೆರೆಗೆ ಹೋದರೆ ಅಲ್ಲಿ ಮತ್ತೆ ಒಣಗುತ್ತೆ.

ನನ್ನ ಕಥೆ ಇದೇ. ನಮ್ಮ ಮನೆ ಕಟ್ಟಿಸುವಾಗ ಪರಿಚಯದ ಒಂದು ಡಿಪೊದಿಂದ ಆಷಾಢದಲ್ಲಿ ಮರ ತಂದೆ. ‘ರೈಟರೇ, ನಿಮಗೆ ಹಸಿ ಮರ ಕೊಡ್ತೀವಾ’ ಅಂದರು. ನಾನೂ ಸುಮ್ನೆ ನಂಬಿದೆ. ಪ್ರತಿ ದಿನ ತೂಕ, ಅಳತೆ ಬರೆಯುತ್ತಿದ್ದ ನಾನು ನನ್ನ ಮರವನ್ನು ಎತ್ತಿ ಕೂಡ ನೋಡಲಿಲ್ಲ. ಗೃಹಪ್ರವೇಶದಲ್ಲಿ ದೇವರ ಕೋಣೆಯ ಬಾಗಿಲು ನೋಡಿ ಎಲ್ಲರೂ ಹೊಗಳಿದರು. ಶಿವರಾತ್ರಿ ಹೊತ್ತಿಗೆ ಹಲಗೆ ಹಲಗೆ ಮಧ್ಯೆ ಐದು ರೂಪಾಯಿ ನಾಣ್ಯ ತೂರುವಷ್ಟು ಸಂದು. ಮೊಮ್ಮಗ ನಿಜವಾಗಿಯೂ ತೂರಿಸುತ್ತಿದ್ದ, ಹುಂಡಿ ಅಂದುಕೊಂಡು. ನಮ್ಮ ಮನೆಯವರು ಇವತ್ತಿಗೂ ಅನ್ನುತ್ತಾರೆ: ‘ಬಾಗಿಲು ಹಾಕಿದ್ರೂ ದೇವರ ದರ್ಶನ ತಪ್ಪಲ್ಲ ಬಿಡಿ, ಎಲ್ಲ ನಿಮ್ಮ ಪುಣ್ಯ.’

ತೊಲೆಗಳ ಬಗ್ಗೆ ಒಂದೇ ಮಾತು. ಎರಡು-ನಾಲ್ಕರ ಜಂತೆಯನ್ನು ಮಲಗಿಸಿ ಇಡುವುದಕ್ಕಿಂತ ನಿಲ್ಲಿಸಿ ಇಟ್ಟರೆ ಎರಡು ಪಟ್ಟು ಭಾರ ತಡೆಯುತ್ತೆ, ಬಾಗುವುದು ನಾಲ್ಕರಲ್ಲಿ ಒಂದು ಪಾಲಾಗುತ್ತೆ. ಅದೇ ಮರ, ಅದೇ ದುಡ್ಡು. ಹೆಂಚಿನ ಮಾಡು ಮಾಡಿಸುವವರು ದಪ್ಪ ಮರಕ್ಕೆ ದುಡ್ಡು ಸುರಿಯುವ ಮೊದಲು ಇದನ್ನು ಯೋಚಿಸಿ.

ತೋಟದ ಮರ ಕಡಿಸುವವರೂ ಇದ್ದೀರಿ. ನಮ್ಮ ರಾಜ್ಯದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಮರ ಕಡಿಯಲು ಅನುಮತಿ ಬೇಡ ಅಂತಿದೆ. ಹಲಸು, ಹೊನ್ನೆ ಅಂದರೆ ಹಾಗಲ್ಲ, ಅನುಮತಿ ಪಡೆದೇ ಕೊಡಲಿ ಹಾಕಬೇಕು. ಡಿಪೊದಿಂದ ಕೊಂಡವರೂ ಬಿಲ್ಲು ಜೋಪಾನ ಮಾಡಿ. ಗಾಡಿಯ ವಿಷಯಕ್ಕೂ ತೂಕದ ಲೆಕ್ಕ ಬೇಕು. ಮುಕ್ಕಾಲು ಟನ್ನಿನ ಚಿಕ್ಕ ಗಾಡಿಯಲ್ಲಿ 40 ಘನ ಅಡಿ ಒಣ ತೇಗ ಬರುತ್ತೆ, ಹಸಿ ಮತ್ತಿ ಆದರೆ 25 ಘನ ಅಡಿ ಕೂಡ ಕಷ್ಟ.

ಈಗ ಮಗಳು ಕಡೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. ಹೋದ ವರ್ಷ ಯುಗಾದಿಗೇ ತೇಗದ ಸೈಜು ತಂದು ಅವಳ ಶೆಡ್ಡಿನಲ್ಲಿ ಜೋಡಿಸಿಟ್ಟಿದ್ದೇನೆ, ಸಾಲು ಸಾಲಿನ ಮಧ್ಯೆ ರೀಪರ್ ಇಟ್ಟು, ಗಾಳಿ ಆಡುವ ಹಾಗೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಹಳಬರ ಲೆಕ್ಕ. ಅದರಲ್ಲೇ ನಾಲ್ಕು-ಮೂರರ ಮೂರು ಅಡಿ ತುಂಡೊಂದಕ್ಕೆ ಎರಡೂ ತುದಿಗೆ ಪೇಂಟು ಬಳಿದು ರಾಶಿಯ ನಡುವೆ ಇಟ್ಟಿದ್ದೇನೆ. ಹೋದಾಗಲೆಲ್ಲ ಎಳೆದು ತೂಗುತ್ತೇನೆ, ಅದರ ಮೈಮೇಲೆಯೇ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಮೊದಲನೇ ಸಲ 6 ಕೆ.ಜಿ. 100 ಗ್ರಾಂ. ದೀಪಾವಳಿಗೆ 5 ಕೆ.ಜಿ. 600. ಈ ಯುಗಾದಿಗೆ 5 ಕೆ.ಜಿ. 100. ಮೊನ್ನೆ ಭಾನುವಾರ 4 ಕೆ.ಜಿ. 900. ಅದು 4 ಕೆ.ಜಿ. 600ಕ್ಕೆ ಬರಬೇಕು. ‘ಅಪ್ಪಾ, ಆಚಾರ್ರು ಎರಡು ಸಲ ಫೋನ್ ಮಾಡಿದ್ರು’ ಅಂತ ಮಗಳು ಹೇಳಿದಳು. ಇನ್ನೊಂದು ಸಲ ಮಾಡಲಿ ಬಿಡು ಅಂದಿದ್ದೇನೆ.

ನಮಸ್ಕಾರ.