ಬಳ್ಳಾರಿ ರಾಘವ ಕ್ಯಾಮೆರಾ ಮುಂದೆ ನಿಂತಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಸಿನಿಮಾದಲ್ಲಿ 55ರ ವಯಸ್ಸು ಅಂದರೆ ನಾಯಕನಿಗೆ ಅಪ್ಪನಾಗುವ ವಯಸ್ಸು, ಅಲ್ವಾ? ಆ ವಯಸ್ಸಿನಲ್ಲಿ ನಮ್ಮ ನಾಟಕದ ನಟ ಬಳ್ಳಾರಿ ರಾಘವ ಮೊದಲ ಸಲ ಬೆಳ್ಳಿತೆರೆಗೆ ಬಂದರು. ಅದೂ ದುರ್ಯೋಧನನಾಗಿ.

ಹುಟ್ಟಿದ್ದು 1880ರಲ್ಲಿ, ಈಗಿನ ಆಂಧ್ರದ ತಾಡಿಪತ್ರಿಯಲ್ಲಿ. ಬೆಳೆದು ಹೆಸರು ಮಾಡಿದ್ದು ಬಳ್ಳಾರಿಯಲ್ಲಿ. ಹೊಟ್ಟೆಪಾಡಿಗೆ ವಕೀಲಿಕೆ. ಹಗಲು ಕೋರ್ಟಿನಲ್ಲಿ ಕರಿ ಕೋಟು, ರಾತ್ರಿ ಮುಖಕ್ಕೆ ಬಣ್ಣ. ನಾಟಕದ ಹುಚ್ಚು ಹಿಡಿಸಿದ್ದು ಸೋದರಮಾವ ಧರ್ಮವರಂ ರಾಮಕೃಷ್ಣಾಚಾರ್ಯರು. ಅವರೂ ವಕೀಲರೇ! ಆಗಿನ ಬಳ್ಳಾರಿಯಲ್ಲಿ ವಕೀಲರಿಗೂ ನಾಟಕಕ್ಕೂ ಅದೇನು ನಂಟೋ.

ಅಂದಿನ ನಾಟಕ ಹೇಗಿತ್ತು ಗೊತ್ತಾ? ರಾಜ ಸಾಯುವ ಹೊತ್ತಿನಲ್ಲೂ ಪದ್ಯ ಎತ್ತುತ್ತಿದ್ದ. ಜನ 'ಒನ್ಸ್ ಮೋರ್' ಅಂದರೆ ಸತ್ತವನೇ ಎದ್ದು ಮತ್ತೆ ಹಾಡುತ್ತಿದ್ದ. ರಾಘವರಿಗೆ ಇದು ಸರಿಬರಲಿಲ್ಲ. ಹಾಡು ಕಡಿಮೆ ಮಾಡಿ ಮಾತಿಗೆ, ಮುಖಭಾವಕ್ಕೆ ಬೆಲೆ ಕೊಟ್ಟರು. ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕು ಅಂತ ಹಟ ಹಿಡಿದರು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ನಾಟಕಕ್ಕೆ ಬರುವುದೇ ದೊಡ್ಡ ಮಾತಾಗಿದ್ದ ಕಾಲವದು. ನನ್ನ ಕೇಳಿದರೆ, ಅವರು ಮಾಡಿದ ಎಲ್ಲ ಪಾತ್ರಗಳಿಗಿಂತ ಈ ಹಟವೇ ದೊಡ್ಡದು.

ಇನ್ನು ಸಿನಿಮಾ. 1936ರಲ್ಲಿ 'ದ್ರೌಪದಿ ಮಾನಸಂರಕ್ಷಣಂ' ಬಂತು. ಅದೇ ವರ್ಷ ಅದೇ ಕಥೆಯ ಇನ್ನೊಂದು ಚಿತ್ರವೂ ತೆರೆಗೆ ಬಂದು, ಜನ ಅದಕ್ಕೇ ಮುಗಿಬಿದ್ದರು. ರಾಘವರ ಚಿತ್ರ ಸೋತಿತು. ಹೆಸರು ದೊಡ್ಡದಿದ್ದರೆ ಗಲ್ಲಾಪೆಟ್ಟಿಗೆ ತುಂಬಬೇಕು ಅಂತೇನಿಲ್ಲ.

ಮೂರು ವರ್ಷ ಬಿಟ್ಟು 'ರೈತು ಬಿಡ್ಡ'. ನಿರ್ದೇಶನ ಗೂಡವಲ್ಲಿ ರಾಮಬ್ರಹ್ಮಂ. ಈ ಸಲ ಕಿರೀಟವಿಲ್ಲ, ಗದೆಯಿಲ್ಲ. ಜಮೀನ್ದಾರರ ದಬ್ಬಾಳಿಕೆಗೆ ಸಿಕ್ಕಿದ ಸಾದಾ ರೈತ. ಸಿನಿಮಾ ನೋಡಿ ನಿಜವಾದ ಜಮೀನ್ದಾರರಿಗೇ ಉರಿ ಹತ್ತಿತು. ಕೆಲವು ಕಡೆ ಪ್ರದರ್ಶನಕ್ಕೆ ತಡೆಯೂ ಬಿತ್ತು. ನಟನಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕಾ? 1940ರಲ್ಲಿ ನಟಿ ಕಣ್ಣಾಂಬ ಜೊತೆ 'ಚಂಡಿಕ'. ಅಲ್ಲಿಗೆ ಸಿನಿಮಾ ಮುಗಿಯಿತು.

ಮೂರೂ ತೆಲುಗು ಚಿತ್ರಗಳೇ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ. ಕನ್ನಡ ಟಾಕಿ 1934ರಲ್ಲೇ ಶುರುವಾಗಿತ್ತು. ಕನ್ನಡ ನಾಟಕಗಳಲ್ಲೂ ನಟಿಸಿದ ಈ ಮನುಷ್ಯನನ್ನು ಒಂದಾದರೂ ಕನ್ನಡ ಚಿತ್ರಕ್ಕೆ ಯಾರಾದರೂ ಕರೆಯಬಾರದಿತ್ತೇ? ರಾಘವ 1946ರಲ್ಲಿ ತೀರಿಕೊಂಡರು. ನನಗೆ ಆ ಕೊರಗು ಇನ್ನೂ ಇದೆ.

ನಮಸ್ಕಾರ.