ಸೂರ್ಯ ಮುಳುಗಿದ ಮೇಲೆ ಮುಂಬೈಗೆ ಕರೆಂಟ್ ಎಲ್ಲಿಂದ?

(ಡೊಂಬಿವಲಿಯ ಒಂದು ಟೆರೇಸ್. ಹಿಂದೆ ನೀರಿನ ಟ್ಯಾಂಕ್.)

ನಮಸ್ಕಾರ. ಕಲಬುರಗಿಯ ವೀಕ್ಷಕರೊಬ್ಬರು ಕೇಳಿದ್ದಾರೆ: "ಎಲ್ಲಾ ಸೋಲಾರ್ ಅಂತೀರಿ, ರಾತ್ರಿ ಏನ್ ಮಾಡ್ತೀರಿ?" ಕರೆಂಟನ್ನು ಕೂಡಿಡಬೇಕು. ಬ್ಯಾಟರಿ ನಿಮಗೆ ಗೊತ್ತು, ಬಿಡಿ. ನಾನು ನೀರಿನ ಬಗ್ಗೆ ಹೇಳುತ್ತೇನೆ.

ನಮ್ಮ ಸೊಸೈಟಿಯ ಈ ಟ್ಯಾಂಕ್ ನೋಡಿ. 10,000 ಲೀಟರ್. ನೆಲದಿಂದ ಹೆಚ್ಚುಕಡಿಮೆ 20 ಮೀಟರ್ ಎತ್ತರ. ಇದಿಷ್ಟನ್ನೂ ಕೆಳಗೆ ಬಿಟ್ಟು ಕರೆಂಟ್ ತೆಗೆದರೆ ಸಿಗುವುದು ಅರ್ಧ ಯೂನಿಟ್. ಗೀಸರ್ ಕಾಲು ಗಂಟೆ ಓಡುತ್ತದೆ, ಅಷ್ಟೇ. ಅದೇ ನೀರು 500 ಮೀಟರ್ ಮೇಲಿಂದ ಬಿದ್ದರೆ? 12 ಯೂನಿಟ್! ನೀರು ಅಷ್ಟೇ, ಎತ್ತರ ಮಾತ್ರ ಜಾಸ್ತಿ.

(ಖಂಡಾಲಾ ಘಾಟ್, ರೈಲಿನ ಕಿಟಕಿಯಿಂದ.)

ಆ ಎತ್ತರ ಇಲ್ಲಿದೆ. ಲೋಣಾವಳ ಮೇಲೆ, ಖೋಪೋಲಿ ಕೆಳಗೆ. 1915ರಲ್ಲೇ ಟಾಟಾದವರು ಇಲ್ಲಿ ಮಳೆನೀರನ್ನು ಕೆರೆಗಳಲ್ಲಿ ಹಿಡಿದು, ಪೈಪಿನಲ್ಲಿ ಇಳಿಸಿ, ಮುಂಬೈಯ ಬಟ್ಟೆ ಗಿರಣಿಗಳಿಗೆ ಕರೆಂಟ್ ಕೊಟ್ಟರು. ಆಮೇಲೆ ಭಿವಪುರಿ, ಭಿರಾದಲ್ಲೂ ಇಂಥ ಕೇಂದ್ರ ಕಟ್ಟಿದರು. ಮೂರೂ ಸೇರಿ 447 ಮೆಗಾವ್ಯಾಟ್.

ಇದನ್ನು ಓದಿ ನಾನು ನಕಾಶೆ ಹರಡಿಕೊಂಡು ಕೂತೆ. ಈ ಕೇಂದ್ರಗಳಿಗೆ ನೀರು ಕೊಡುವ ಇಂದ್ರಾಯಣಿ, ಮುಳಾ ಎರಡೂ ಪೂರ್ವಕ್ಕೆ ಹರಿದು ಭೀಮೆ ಸೇರುವ ನದಿಗಳು. ಭೀಮೆ ಅಂದರೆ ಅಫಜಲಪುರ, ಗಾಣಗಾಪುರ! ಪ್ರಶ್ನೆ ಕೇಳಿದವರ ಊರಿನ ಕಡೆ ಬರಬೇಕಿದ್ದ ನೀರು ನೂರು ವರ್ಷದಿಂದ ಮುಂಬೈಯಲ್ಲಿ ದೀಪ ಹಚ್ಚಿ ಕೊಂಕಣಕ್ಕೆ ಇಳಿಯುತ್ತಿದೆ. ಮುಳಾ ನದಿಗೆ ಟಾಟಾದವರು ಕಟ್ಟಿದ ಮುಳಶಿ ಅಣೆಕಟ್ಟಿಗೆ ಹೊಲ ಹೋಗುತ್ತದೆ ಎಂದು ರೈತರು 1921ರಲ್ಲೇ ಸತ್ಯಾಗ್ರಹ ಹೂಡಿದ್ದರು. ಹೊಗೆಯಿಲ್ಲದ ಕರೆಂಟಿನ ಲೆಕ್ಕ ಬರೆಯುವಾಗ ಇವರೆಲ್ಲರ ಹೆಸರೂ ಅದರಲ್ಲಿ ಇರಬೇಕು.

ಅದಕ್ಕೇ ಪಂಪ್ಡ್ ಸ್ಟೋರೇಜ್ ನನಗೆ ಇಷ್ಟ. ಹಗಲು ಸೋಲಾರ್ ಕರೆಂಟ್ ಉಳಿದಾಗ ಕೆಳಗಿನ ನೀರನ್ನು ಮೇಲಕ್ಕೆ ಹತ್ತಿಸುವುದು, ರಾತ್ರಿ ಬಿಡುವುದು. ಹತ್ತಿಸಲು 4 ಯೂನಿಟ್ ಸುಟ್ಟರೆ ಸುಮಾರು 3 ವಾಪಸ್. ಸುತ್ತುವುದು ಅದೇ ನೀರು. ದಿನಾ ಭೀಮೆಯಿಂದ ಹೊಸದಾಗಿ ಕೀಳಬೇಕಿಲ್ಲ. ಭಿರಾದಲ್ಲಿ ಇಂಥ 150 ಮೆಗಾವ್ಯಾಟ್ ಘಟಕ ಈಗಾಗಲೇ ಇದೆ. ಘಾಟಿನಲ್ಲಿ ಇನ್ನೂ 2,800 ಮೆಗಾವ್ಯಾಟ್ ಕಟ್ಟಲು ಟಾಟಾ ಪವರ್ ಮತ್ತು ಮಹಾರಾಷ್ಟ್ರ ಸರ್ಕಾರ 2023ರಲ್ಲಿ ಒಪ್ಪಂದ ಮಾಡಿಕೊಂಡಿವೆ.

ಟೈಮ್ ಆಗ್ತಾ ಬಂತು. ಸೊಸೈಟಿಯವರಿಗೆ ಒಂದು ಮಾತು: ಲಿಫ್ಟ್, ಪಂಪಿನಂಥ ಸಾಮಾನ್ಯ ಬಳಕೆಗೆ ಸೋಲಾರ್ ಹಾಕಿಸಿದರೆ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇದೆ. ನಮ್ಮಲ್ಲಿ ವಾಚ್‌ಮನ್ ಕಾಕಾ ಬೆಳಗ್ಗೆ ಐದಕ್ಕೇ ಪಂಪ್ ಹಾಕುತ್ತಾರೆ. ಅದನ್ನು ಮಧ್ಯಾಹ್ನ ಹನ್ನೆರಡಕ್ಕೆ ಮಾಡೋಣ, ಮೇಲೆ ಪ್ಯಾನೆಲ್ ಹಾಕೋಣ ಅಂತ ಭಾನುವಾರದ ಮೀಟಿಂಗ್‌ನಲ್ಲಿ ಕೇಳುತ್ತೇನೆ. ಏನಂದರು ಅಂತ ಮುಂದಿನ ವಿಡಿಯೋದಲ್ಲಿ ಹೇಳುತ್ತೇನೆ.