ಮೂವತ್ತನೆಯ ವಿಭಾಗವನ್ನು ಬಿಟ್ಟು ಓದಬೇಡಿ

ನಮಸ್ಕಾರ. ಮೂವರು ವೈದ್ಯರು ಸೇರಿದಲ್ಲಿ ಇಬ್ಬರು ನಾಸ್ತಿಕರು ಅನ್ನೋದು ಯುರೋಪಿನ ಹಳೆಯ ಗಾದೆ. ತನ್ನ ವೃತ್ತಿಗಂಟಿದ ಆ ಅಪವಾದವನ್ನು ಮೊದಲ ವಾಕ್ಯದಲ್ಲೇ ಎತ್ತಿಕೊಂಡು, ಆದರೂ ನಾನು ಕ್ರೈಸ್ತನೇ ಎನ್ನುತ್ತಾ ಹೊರಡುತ್ತಾನೆ ಹದಿನೇಳನೇ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ಬ್ರೌನ್. ಪುಸ್ತಕ ‘ರಿಲಿಜಿಯೋ ಮೆಡಿಸಿ’. ವೈದ್ಯನೊಬ್ಬನ ಧರ್ಮ ಅಂತ ಅರ್ಥ.

ಮೊಂಪೆಲಿಯೆ, ಪಾದುವಾ, ಲೈಡನ್‌ಗಳಲ್ಲಿ ವೈದ್ಯಕೀಯ ಕಲಿತ ಬ್ರೌನ್ ಇದನ್ನು ಬರೆದದ್ದು 1635ರ ಸುಮಾರಿಗೆ, ಮೂವತ್ತರ ಆಸುಪಾಸಿನಲ್ಲಿ. ಅಚ್ಚಿಗೆಂದು ಬರೆದದ್ದಲ್ಲ. ಕೈಬರಹದ ಪ್ರತಿಗಳು ಕೈಯಿಂದ ಕೈಗೆ ಹೋದವು, ಪ್ರತಿ ಮಾಡಿದವರ ತಪ್ಪುಗಳೂ ಸೇರಿಕೊಂಡವು. 1642ರಲ್ಲಿ ಅವನ ಒಪ್ಪಿಗೆಯಿಲ್ಲದೆ ಅಚ್ಚಾಯಿತು. ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡ ವರ್ಷವೂ ಅದೇ. ಮರುವರ್ಷ ತಾನೇ ತಿದ್ದಿ ಹೊರತಂದ. ಓದುವವರು 1643ರ ಪಾಠವನ್ನು ಆಧರಿಸಿದ ಆವೃತ್ತಿಯನ್ನೇ ಹಿಡಿಯಿರಿ, ಅದರ ಮುನ್ನುಡಿಯನ್ನು ಹಾರಿಸಬೇಡಿ. ಇಲ್ಲಿ ಅಲಂಕಾರದ ಮಾತು ಬಹಳವಿದೆ, ಎಲ್ಲವನ್ನೂ ತರ್ಕದ ಒರೆಗಲ್ಲಿಗೆ ಹಚ್ಚಬೇಡಿ ಅಂತ ಅವನೇ ಅಲ್ಲಿ ಕೇಳಿಕೊಂಡಿದ್ದಾನೆ.

ಇದನ್ನು ಎಲ್ಲರೂ ಹೊಗಳುವುದು ಸಹನೆಯ ಪುಸ್ತಕವೆಂದು. ಆ ಹೊಗಳಿಕೆ ಸುಳ್ಳಲ್ಲ. ಮೊದಲ ಭಾಗದ 6ನೇ ವಿಭಾಗ ನೋಡಿ: ಅಭಿಪ್ರಾಯ ಬೇರೆಯಾಯಿತೆಂದು ಯಾರಿಂದಲೂ ದೂರವಾಗಲಾರೆ ಅನ್ನುತ್ತಾನೆ. ಪ್ರಾಟೆಸ್ಟೆಂಟನಾದರೂ ಕ್ಯಾಥೊಲಿಕರ ಪ್ರಾರ್ಥನೆಯ ಗಂಟೆ ಕೇಳಿದರೆ ಅವನ ಮನಸ್ಸು ಮೇಲೇಳುತ್ತದೆ. ಯೌವನದಲ್ಲಿ ತಾನು ಒಲಿದಿದ್ದ ಮೂರು ಪಾಷಂಡ ಮತಗಳನ್ನೂ ಬಿಚ್ಚಿಡುತ್ತಾನೆ. ಒಂದರ ಪ್ರಕಾರ ನರಕವೂ ಶಾಶ್ವತವಲ್ಲ, ಕೊನೆಗೆ ಎಲ್ಲರಿಗೂ ಬಿಡುಗಡೆಯಿದೆ. ಆ ಕಾಲದಲ್ಲಿ ಇದನ್ನು ಬರೆಯಲು ಎದೆಗಾರಿಕೆ ಬೇಕಿತ್ತು. 1645ರಲ್ಲಿ ರೋಮ್ ಇದನ್ನು ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಿತು.

ಇಷ್ಟಕ್ಕೇ ನಿಲ್ಲಿಸುವ ಓದು ಅರ್ಧ ಓದು. ನನ್ನ ತಕರಾರು ಇರುವುದು ಇಲ್ಲೇ.

16ನೇ ವಿಭಾಗದಲ್ಲಿ ಅವನಿಗೆ ಎರಡು ಗ್ರಂಥಗಳು: ಒಂದು ಬೈಬಲ್, ಇನ್ನೊಂದು ಪ್ರಕೃತಿ. ಪ್ರಕೃತಿ ದೇವರ ಕೈಯ ಉಪಕರಣ. ಹಾಗಾಗಿ ಒಂದು ಘಟನೆಗೆ ಸಹಜ ಕಾರಣ ಸಿಕ್ಕಿತೆಂದರೆ ಅದರ ಹಿಂದೆ ದೇವರಿಲ್ಲ ಎಂದಾಗುವುದಿಲ್ಲ. ವೈದ್ಯನಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ರೋಗದ ಕಾರಣ ಹುಡುಕಿದರೂ ಭಕ್ತಿಗೆ ಧಕ್ಕೆಯಿಲ್ಲ. ಆದರೆ ಅದೇ ಬಾಗಿಲಲ್ಲಿ ದೆವ್ವವೂ ಒಳಗೆ ಬರಬಹುದು. 30ನೇ ವಿಭಾಗದಲ್ಲಿ ಬಂದೇ ಬಿಡುತ್ತದೆ. ಮಾಟಗಾತಿಯರು ಇದ್ದಾರೆ, ಇಲ್ಲವೆನ್ನುವವರು ಅಶರೀರ ಚೇತನಗಳನ್ನೇ ಅಲ್ಲಗಳೆದಂತೆ, ಕೊನೆಗೆ ಅದು ನಾಸ್ತಿಕತೆಗೇ ಮುಟ್ಟುತ್ತದೆ ಅನ್ನುವುದು ಅವನ ವಾದ.

1662ರಲ್ಲಿ ಇಂಗ್ಲೆಂಡಿನ ‘ಬರಿ ಸೇಂಟ್ ಎಡ್ಮಂಡ್ಸ್’ ಎಂಬ ಊರಿನ ನ್ಯಾಯಾಲಯದಲ್ಲಿ ಏಮಿ ಡೆನಿ, ರೋಸ್ ಕಲೆಂಡರ್ ಎಂಬ ಇಬ್ಬರು ವಿಧವೆಯರ ಮೇಲೆ ಮಕ್ಕಳಿಗೆ ಮಾಟ ಮಾಡಿದ ಆರೋಪ. ನ್ಯಾಯಾಧೀಶ ಮ್ಯಾಥ್ಯೂ ಹೇಲ್. ಅಲ್ಲಿದ್ದ ಬ್ರೌನ್‌ನ ಅಭಿಪ್ರಾಯ ಕೇಳಿದರು. ಮಕ್ಕಳಿಗೆ ಬರುವ ಸೆಳವು ಸಹಜ ರೋಗವೇ, ಆದರೆ ಮಾಟಗಾತಿಯರ ಹಗೆಯ ಜೊತೆ ಸೈತಾನ ಕೈಜೋಡಿಸಿ ಅದನ್ನು ಉಲ್ಬಣಗೊಳಿಸಿದ್ದಾನೆ ಅಂದ. ಸಹಜ ಕಾರಣವೂ ನಿಜ, ಅದರ ಹಿಂದಿನ ಕೈಯೂ ನಿಜ. 16ನೇ ವಿಭಾಗದ ತರ್ಕವೇ ಇದು. ದೇವರಿದ್ದ ಜಾಗದಲ್ಲಿ ಈಗ ಸೈತಾನನಿದ್ದಾನೆ, ಅಷ್ಟೇ.

ಅದೇ ವಿಚಾರಣೆಯಲ್ಲಿ ಒಂದು ಸರಳ ಪರೀಕ್ಷೆಯೂ ನಡೆಯಿತು. ಸೆಳವು ಬಂದು ಮುಷ್ಟಿ ಬಿಗಿದ ಹುಡುಗಿ, ಆರೋಪಿ ಮುಟ್ಟಿದರೆ ಮಾತ್ರ ಚೀರುತ್ತಾಳೆ ಅನ್ನುತ್ತಿದ್ದರು. ಅವಳ ಕಣ್ಣು ಮುಚ್ಚಿಸಿ ಬೇರೆ ಹೆಂಗಸಿನಿಂದ ಮುಟ್ಟಿಸಿದರು. ಆಗಲೂ ಹಾಗೇ ಚೀರಿದಳು. ಇದು ಮೋಸವೆಂದು ನೋಡಿದವರು ಹೇಳಿದರು. ವಕೀಲ ಕೀಲಿಂಗ್‌ಗೂ ಸಾಕ್ಷ್ಯ ಒಪ್ಪಿಗೆಯಾಗಲಿಲ್ಲ. ಆದರೂ ಇಬ್ಬರನ್ನೂ ಗಲ್ಲಿಗೇರಿಸಿದರು. ಬ್ರೌನ್ ಬಾಯಿಬಿಡದಿದ್ದರೂ ತೀರ್ಪು ಹಾಗೇ ಬರುತ್ತಿತ್ತೇನೋ. ಆದರೆ ಇಂಥ ಪರೀಕ್ಷೆಯಿಂದ ಸುಳ್ಳೆಂದು ತೋರಿಸಲು ಎಡೆಯೇ ಇಲ್ಲದಂತಿತ್ತು ಅವನ ವಿವರಣೆ.

ವಿಚಾರಣೆಯ ವರದಿ 1682ರಲ್ಲಿ, ಬ್ರೌನ್ ತೀರಿಕೊಂಡ ವರ್ಷವೇ, ಅಚ್ಚಾಯಿತು. ಹತ್ತು ವರ್ಷದ ಮೇಲೆ ಅಮೆರಿಕದ ಸೇಲಂನಲ್ಲಿ ಮಾಟದ ವಿಚಾರಣೆಗಳು ನಡೆದಾಗ, ಅವನ್ನು ಸಮರ್ಥಿಸಿ ಬರೆದ ಕಾಟನ್ ಮ್ಯಾದರ್ ಇದೇ ಮೊಕದ್ದಮೆಯನ್ನು ಮಾದರಿಯಾಗಿ ಮುಂದಿಟ್ಟ.